ಎರಡು ಪಗಾರ

ಎಸ್‌ಎಸ್‌ಪಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದವರಿಗೆಲ್ಲ ಆದಾಯ ಪ್ರಮಾಣ ಪತ್ರದ ಆರ್‌ಡಿ ನಂಬರ್ ಗೊತ್ತೇ ಇರುತ್ತದೆ. ನಾಡಕಚೇರಿಯಿಂದ ಒಮ್ಮೆ ತಂದರೆ 5 ವರ್ಷ ನಡೆಯುತ್ತದೆ. ಆ 5 ವರ್ಷದಲ್ಲಿ ಮನೆಯ ಆದಾಯ ಏರಲಿ ಇಳಿಯಲಿ, ಪತ್ರದ ಮೇಲಿನ ಅಂಕಿ ಮಾತ್ರ ಹಾಗೇ ಇರುತ್ತದೆ. ನಾವು ಅಪ್‌ಲೋಡ್ ಮಾಡಿ ಮರೆತುಬಿಡುತ್ತೇವೆ. ಆದರೆ ಅದೇ ಪತ್ರ ತೋರಿಸಿ ಅಂಗವಿಕಲ ಪಿಂಚಣಿ ತಗೊಳ್ಳುವವರು ಹಾಗೆ ಮರೆಯೋಕಾಗಲ್ಲ.

ನಮ್ಮೂರು ಬನಹಟ್ಟಿ. ನಮ್ಮ ಕಾಕಾಗೆ ಸಣ್ಣವರಿದ್ದಾಗ ಪೋಲಿಯೋ ಆಗಿ ಎಡಗಾಲು ಸೊರಗಿದೆ. ಸರ್ಟಿಫಿಕೇಟಿನಲ್ಲಿ 60 ಪರ್ಸೆಂಟ್ ಅಂತಿದೆ. ಪಿಂಚಣಿ ತಿಂಗಳಿಗೆ 800 ರೂಪಾಯಿ. ನಮ್ಮ ಕಡೆ ಇದಕ್ಕೂ 'ಪಗಾರ' ಅಂತಲೇ ಅನ್ನೋದು. ಮನೆಯಲ್ಲಿ ಕೂತು ಕಂಡಿಕೆ ಸುತ್ತಿ ಅಷ್ಟಿಷ್ಟು ಗಳಿಸುತ್ತಿದ್ದರು. ಹೋದ ಯುಗಾದಿ ಆದಮೇಲೆ ಒಬ್ಬ ಮಗ್ಗದ ಮಾಲಕರು ಕರೆದು, ಲೆಕ್ಕ ಬರೆಯೋ ಕೆಲಸ ಕೊಟ್ಟರು. ತಿಂಗಳಿಗೆ 6,000. ಮನೆಯಲ್ಲಿ ಎಲ್ಲರಿಗೂ ಖುಷಿ. ರಾತ್ರಿ ಊಟಕ್ಕೆ ಕೂತಾಗ ಕಾಕಾ ನನ್ನನ್ನ ಕೇಳಿದರು: "ತಮ್ಮಾ, ಈಗ ಎರಡು ಪಗಾರ ಆದ್ವು. ಆಫೀಸಿಗೆ ಹೇಳಬೇಕೋ ಬ್ಯಾಡೋ?"

ಲೆಕ್ಕ ಹಾಕೋಣ ಅಂತ ಕೂತೆ. ಪಿಂಚಣಿಗೆ ವಾರ್ಷಿಕ ಆದಾಯದ ಮಿತಿ 32,000. ಅಂದರೆ ತಿಂಗಳಿಗೆ 2,700 ಕೂಡ ಇಲ್ಲ. ಬಿಪಿಎಲ್ ಕಾರ್ಡಿಗೆ ಮಿತಿ 1.2 ಲಕ್ಷ, ನಮ್ಮ ಎಸ್‌ಎನ್‌ಕ್ಯೂ ಸೀಟಿಗೆ 8 ಲಕ್ಷ. ಒಂದೇ ಮನೆ ರೇಷನ್ ಅಂಗಡಿಯಲ್ಲಿ ಬಡವರದು, ಪಿಂಚಣಿ ಟೇಬಲ್ಲಿನಲ್ಲಿ ಅಲ್ಲ.

ಗ್ರಾಫ್ ಬರೆದರೆ ಇನ್ನೂ ವಿಚಿತ್ರ. ವರ್ಷಕ್ಕೆ 31,000 ದುಡಿದವನಿಗೆ ಪಿಂಚಣಿಯ 9,600 ಸೇರಿ 40,600 ಕೈಗೆ ಬರುತ್ತದೆ. 33,000 ದುಡಿದವನಿಗೆ 33,000 ಅಷ್ಟೇ. 2,000 ಹೆಚ್ಚು ದುಡಿದಿದ್ದಕ್ಕೆ 7,600 ಕಡಿಮೆ! ಮ್ಯಾಥ್ಸ್‌ನಲ್ಲಿ ಓದಿದ ಸ್ಟೆಪ್ ಫಂಕ್ಷನ್ ಅಂದರೆ ಇದೇ. ಇಳಿಜಾರು ಇಲ್ಲ, ನೇರ ಪ್ರಪಾತ.

ಅಮೆರಿಕದಲ್ಲಿ ಎಸ್‌ಎಸ್‌ಐ ಅಂತ ಇಂಥದೇ ಒಂದು ಯೋಜನೆ ಇದೆ. ಅಲ್ಲಿ ಆದಾಯ ಬದಲಾದರೆ ಮುಂದಿನ ತಿಂಗಳ 10ನೇ ತಾರೀಖಿನೊಳಗೆ ತಿಳಿಸಬೇಕು. ಆದರೆ ದುಡಿಮೆಯ ಮೊದಲ 65 ಡಾಲರ್ ಲೆಕ್ಕಕ್ಕೇ ಹಿಡಿಯಲ್ಲ. ಅದರ ಮೇಲೆ 2 ಡಾಲರ್ ದುಡಿದರೆ 1 ಡಾಲರ್ ಕಡಿತ. ಅಲ್ಲೂ ಎಲ್ಲ ಸರಿ ಇಲ್ಲ: ಒಬ್ಬರ ಉಳಿತಾಯ 2,000 ಡಾಲರ್ ದಾಟಬಾರದು ಅನ್ನೋ ಮಿತಿ 1989ರಿಂದ ಬದಲಾಗಿಲ್ಲ. ಆದರೂ ದುಡಿದವನಿಗೆ ದುಡಿದಿದ್ದಕ್ಕೆ ನಷ್ಟ ಆಗಬಾರದು ಅನ್ನೋ ಲೆಕ್ಕ ಅಲ್ಲಿದೆ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ಪಿಂಚಣಿಗೆ ಆದಾಯ ಮಿತಿ ಇರಬಹುದು ಅನ್ನುತ್ತದೆ. ಆ ಮಿತಿ ಎಷ್ಟು ಅಂತ ಗೊತ್ತುಮಾಡೋದು ಸರ್ಕಾರದ ಕೆಲಸ.

ಇನ್ನೊಂದು ವಿಷಯ, ನಮ್ಮ ಭಾಗದಲ್ಲಿ ಯಾರ ಆದಾಯವೂ 12 ತಿಂಗಳು ಒಂದೇ ಥರ ಇರೋದಿಲ್ಲ. ರಬಕವಿ-ಬನಹಟ್ಟಿಯಲ್ಲಿ ಸೀರೆ ಹೋಗದಿದ್ದರೆ ಮಗ್ಗ ನಿಲ್ಲುತ್ತವೆ. ಜಮಖಂಡಿ, ಮುಧೋಳದಲ್ಲಿ ಕಬ್ಬಿನ ಹಂಗಾಮು ಮುಗಿದರೆ ಕೂಲಿಯೂ ಮುಗೀತು. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿನಲ್ಲಿ ಹೊಲ ಹೋದವರಿಗೆ ಪರಿಹಾರ ಒಮ್ಮೆ ಬಂತು, ಪ್ರತಿ ವರ್ಷ ಬರಲ್ಲ. ಇವರೆಲ್ಲ ಯಾವ ತಿಂಗಳ ಆದಾಯ ಹೇಳಬೇಕು? ಮಗ್ಗ ನಿಂತರೆ ಕಾಕಾನ 6,000 ಅವತ್ತೇ ನಿಲ್ಲುತ್ತದೆ. ಪಿಂಚಣಿ ಮಾತ್ರ ತಿರುಗಿ ಅಷ್ಟು ಬೇಗ ಬರಲ್ಲ. ಹೊಸ ಆದಾಯ ಪತ್ರ, ಹೊಸ ಅರ್ಜಿ, ತಹಶೀಲ್ದಾರರ ಮಂಜೂರಾತಿ, ಎಲ್ಲ ಮೊದಲಿಂದ ಆಗಬೇಕು.

"ಸುಮ್ನಿರ್ರಿ, ಯಾರಿಗೂ ಗೊತ್ತಾಗೂದಿಲ್ಲ," ಅಂದ್ರು ಕಾಕು. ಅವರು ಹೇಳಿದ್ದೂ ತಪ್ಪಲ್ಲ, ಮನೆ ನಡೆಸೋರು ಅವರು. ಕಾಕಾ ಒಂದು ವಾರ ವಿಚಾರ ಮಾಡಿದರು. "ನಾಳೆ ಯಾರರೆ ಬಂದು ಕೇಳಿದ್ರ ತಲಿ ತಗ್ಗಿಸಿ ನಿಂದರಾಕ ನನ್ನ ಕಡಿಂದ ಆಗೂದಿಲ್ಲ. ಬರಿ ಅರ್ಜಿ," ಅಂದರು.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಅಂತ ಬರೆಯೋಕೇ ಅರ್ಧ ಗಂಟೆ ಹಿಡೀತು. ಕಚೇರಿಯಲ್ಲಿ ಇದಕ್ಕೆ ಅಂತ ಒಂದು ಫಾರ್ಮ್ ಇರಲಿಲ್ಲ. ಟೇಬಲ್ ಹಿಂದಿನವರು ಅರ್ಜಿಯನ್ನ ಎರಡು ಸಲ ಓದಿ, "ಪಿಂಚಣಿ ಕೊಡ್ರಿ ಅನ್ನಾಕ ಬರ್ತಾರ. ನೀವ್ಯಾಕ್ರೀ ಬ್ಯಾಡ ಅನ್ನಾಕ ಬಂದೀರಿ?" ಅಂತ ನಕ್ಕರು. ಕಾಕಾ ನಗಲಿಲ್ಲ. "ಬ್ಯಾಡ ಅನ್ನಾಕ ಬಂದಿಲ್ಲರೀ, ಇದ್ದದ್ದು ಹೇಳಾಕ ಬಂದೀನಿ," ಅಂದರು. ನಕಲು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಹೊರಗೆ ಬಂದೆವು. ನಿಮ್ಮ ಮನೆಯಲ್ಲಿ ಇಂಥ ಪ್ರಸಂಗ ಬಂದರೆ ಆ ಸೀಲು ಮರೆಯಬೇಡಿ. ನೀವು ಹೇಳಿದ್ದಕ್ಕೆ ಅದೊಂದೇ ಸಾಕ್ಷಿ.

ಎರಡು ತಿಂಗಳಾದ ಮೇಲೆ ಪಿಂಚಣಿ ನಿಂತಿತು. ನಿಜ ಹೇಳಿದವರಿಗೆ ಪಿಂಚಣಿ ಹಂತ ಹಂತವಾಗಿ ಕಡಿಮೆ ಆಗಲಿ, ಕೆಲಸ ಹೋದರೆ ಹಳೇ ಕಡತದ ಮೇಲೆಯೇ ಮತ್ತೆ ಶುರುವಾಗಲಿ. ನಾನು ಕೇಳೋದು ಇಷ್ಟೇ. ಇದರ ಸಾಫ್ಟ್‌ವೇರ್ ಬರೆಯೋದು ಕಷ್ಟ ಅಂತ ನಮ್ಮ ಕ್ಲಾಸಿನಲ್ಲಿ ಯಾರೂ ಹೇಳಲಾರರು.

ಸದ್ಯ ಮಗ್ಗ ನಡೆದಿವೆ. ಕಾಕಾ ಮಾತ್ರ ಯುಡಿಐಡಿ ಕಾರ್ಡು, ಆಧಾರ್, ಪಾಸ್‌ಬುಕ್ಕಿನ ಝೆರಾಕ್ಸ್ ಎರಡೆರಡು ಮಾಡಿಸಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದಾರೆ.