ಉತ್ತರ ಕೊಡಲು ಅವಕಾಶವಿಲ್ಲದವರ ಎದುರು

ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿನಲ್ಲಿ ಮೇಷ್ಟ್ರು ಅಂತ ಯಾರೂ ಇರುವುದಿಲ್ಲ. ಭಾಷಣ ಕಲಿಯಲು ಬಂದವರೇ ಒಬ್ಬರಿಗೊಬ್ಬರು ಕಲಿಸಿಕೊಳ್ಳಬೇಕು. ಅಮೆರಿಕದ ವೈಎಂಸಿಎಯಲ್ಲಿ ಕೆಲಸ ಮಾಡುತ್ತಿದ್ದ ರಾಲ್ಫ್ ಸ್ಮೆಡ್ಲಿ, ಅಲ್ಲಿಗೆ ಬರುವ ಹುಡುಗರು ನಾಲ್ಕು ಜನರೆದುರು ಬಾಯಿ ಬಿಡಲು ಒದ್ದಾಡುವುದನ್ನು ಕಂಡು, 1905ರಲ್ಲಿ ಬ್ಲೂಮಿಂಗ್ಟನ್ ಊರಿನಲ್ಲಿ ಇಂಥದೊಂದು ಕೂಟ ಶುರುಮಾಡಿದರು. ಈಗಿನ ಸಂಸ್ಥೆ ಮಾತ್ರ ತನ್ನ ಹುಟ್ಟುಹಬ್ಬವನ್ನು ಲೆಕ್ಕ ಹಾಕುವುದು 1924ರ ಅಕ್ಟೋಬರ್ 22ರಿಂದ. ಅವತ್ತು ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ, ವೈಎಂಸಿಎ ಕಟ್ಟಡದ ನೆಲಮಾಳಿಗೆಯಲ್ಲಿ ಸಭೆ ನಡೆದಿತ್ತು. ನೂರು ವರ್ಷ ಕಳೆದರೂ ಮೂಲ ಕ್ರಮ ಬದಲಾಗಿಲ್ಲ. ಒಬ್ಬರು ಮಾತಾಡುತ್ತಾರೆ; ಇನ್ನೊಬ್ಬ ಸದಸ್ಯರು ಎದ್ದು ಆ ಮಾತು ಹೇಗಿತ್ತೆಂದು ಹೇಳುತ್ತಾರೆ. ಈ ಎರಡನೆಯವರು ವಿಮರ್ಶಕರು. ಮೇಷ್ಟ್ರಿಲ್ಲದ ಜಾಗದಲ್ಲಿ ಕಲಿಕೆಯೆಲ್ಲ ನಿಂತಿರುವುದು ಅವರ ಮೇಲೆ. ನಾನು ತಪ್ಪಿದ್ದು ಆ ಜಾಗದಲ್ಲಿ ನಿಂತಾಗ.

ಬೆಂಗಳೂರಿನ ನಮ್ಮ ಕ್ಲಬ್ಬು ಸೇರುವುದು ಒಂದು ಕಾಲೇಜಿನ ತರಗತಿ ಕೋಣೆಯಲ್ಲಿ, ಶನಿವಾರ ಸಂಜೆ. ಇಂಗ್ಲಿಷ್ ಸಭೆಗಳ ನಡುವೆ ಆಗಾಗ ಕನ್ನಡದ್ದೂ ಇರುತ್ತದೆ. ಹೊಸಬರ ಮೊದಲ ಭಾಷಣಕ್ಕೆ ‘ಐಸ್ ಬ್ರೇಕರ್’ ಎಂದು ಹೆಸರು. 4ರಿಂದ 6 ನಿಮಿಷದೊಳಗೆ ತಮ್ಮನ್ನು ತಾವು ಪರಿಚಯಿಸಿಕೊಳ್ಳಬೇಕು. ಹಿಂದಿನ ಸಾಲಿನಲ್ಲಿ ಕೂತ ಟೈಮರ್ 4 ನಿಮಿಷಕ್ಕೆ ಹಸಿರು, 5ಕ್ಕೆ ಹಳದಿ, 6ಕ್ಕೆ ಕೆಂಪು ಕಾರ್ಡು ಎತ್ತುತ್ತಾರೆ. ಅನಗತ್ಯ ಪದಗಳನ್ನು ಎಣಿಸಲು ಬೇರೆಯೇ ಒಬ್ಬರಿದ್ದಾರೆ, ‘ಆ ಕೌಂಟರ್’. ಕನ್ನಡ ಸಭೆಯಲ್ಲಿ ಅವರಿಗೆ ಕೆಲಸ ಹೆಚ್ಚು: ಅಂದ್ರೆ, ಆಮೇಲೆ, ಏನಪ್ಪಾ ಅಂದ್ರೆ, ಸೋ. ವಿಮರ್ಶಕರಿಗೆ ಸಿಗುವುದು 2ರಿಂದ 3 ನಿಮಿಷ. ವಿಮರ್ಶೆಗೆ ಭಾಷಣಕಾರರು ಉತ್ತರ ಕೊಡುವ ಪದ್ಧತಿಯಿಲ್ಲ. ಕೊನೆಗೆ ಚೀಟಿ ಹಂಚಿ ಮತ ಹಾಕಿಸುತ್ತಾರೆ. ಒಳ್ಳೆಯ ಭಾಷಣ, ಒಳ್ಳೆಯ ಆಶುಭಾಷಣದ ಜೊತೆಗೆ ಒಳ್ಳೆಯ ವಿಮರ್ಶೆಗೂ ಒಂದು ರಿಬ್ಬನ್.

ನಾನು ದಕ್ಷಿಣ ಕನ್ನಡದವನು. ಮಾತು ಅಂದರೆ ಏನೆಂದು ನನಗೆ ಗೊತ್ತಾದದ್ದು ತಾಳಮದ್ದಲೆಯಿಂದ. ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿ ಕೂತಲ್ಲೇ ಅರ್ಥ ಹೇಳುತ್ತಾನೆ, ಎದುರಿನವನು ಅದನ್ನು ಹಿಡಿದು ಎಳೆಯುತ್ತಾನೆ. ಬರೆದುಕೊಂಡು ಬಂದ ಮಾತು ಅಲ್ಲಿ ನಡೆಯುವುದಿಲ್ಲ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಕ್ಯಾಸೆಟ್ಟು ಕೇಳಿ ಬೆಳೆದ ನನಗೆ ಎದುರಾಳಿಯ ಮಾತಿನಲ್ಲಿ ಸಡಿಲ ಜಾಗ ಎಲ್ಲಿದೆ ಎಂದು ಹುಡುಕುವುದು ಅಭ್ಯಾಸವಾಗಿಹೋಗಿತ್ತು. ಕ್ಲಬ್ಬಿನಲ್ಲಿ ನನ್ನ ವಿಮರ್ಶೆಗೆ ಹೆಸರು ಬಂದದ್ದೂ ಅದರಿಂದಲೇ. ಜನ ಚಪ್ಪಾಳೆ ತಟ್ಟುತ್ತಿದ್ದರು. ನನಗದು ಬೇಕಾಗಿತ್ತು.

ಅವತ್ತು ಮೊದಲ ಭಾಷಣಕ್ಕೆ ನಿಂತವರು ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು. ತಂದೆ ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಅವರು ತೀರಿಕೊಂಡ ಮೇಲೆ ಅದೇ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರಂತೆ. ಹಳೆಯ ವಿದ್ಯಾರ್ಥಿಗಳೆಲ್ಲ ಮಾತಾಡಿದರು. ಕೊನೆಗೆ ಮಗಳ ಕೈಗೆ ಮೈಕು ಬಂತು. ಅವರು ಅದನ್ನು ಹಿಡಿದು ನಿಂತರು, ಏನೂ ಹೊರಡಲಿಲ್ಲ, ಪಕ್ಕದವರಿಗೆ ಕೊಟ್ಟು ಕೂತುಬಿಟ್ಟರು. ಕ್ಲಬ್ಬಿಗೆ ಬಂದದ್ದು ಅದಕ್ಕಾಗಿ ಎಂದು ಹೇಳಿದರು. ಹೇಳುವಾಗ ನಡುವೆ ಒಮ್ಮೆ ನಿಂತರು. ತುಂಬ ಹೊತ್ತು ನಿಂತರು. ಹಳದಿ ಕಾರ್ಡು ಹೋಗಿ ಕೆಂಪು ಬಂತು. ಕಾರ್ಡು ನೋಡಿ ಗಾಬರಿಯಾಗಿ, ಎರಡು ವಾಕ್ಯದಲ್ಲಿ ಮುಗಿಸಿ ಹೋಗಿ ಕೂತರು.

ಅಷ್ಟೂ ಹೊತ್ತು ನಾನು ಬರೆದುಕೊಳ್ಳುತ್ತಿದ್ದೆ. ಕಣ್ಣು ಸೂರಿನ ಕಡೆ. ಕೈ ಸೆರಗಿನ ತುದಿಯಲ್ಲಿ. ತಮ್ಮ ಪರಿಚಯ ಹೇಳಬೇಕಾದವರು ಅರ್ಧ ಭಾಷಣ ತಂದೆಯ ವಿಷಯಕ್ಕೇ ಕೊಟ್ಟರು. ನಡುವೆ ಮಾತು ಕಡಿಯಿತು, ಅಂದರೆ ತಯಾರಿ ಸಾಲದು. ಮುಕ್ತಾಯವಿಲ್ಲ. ಎದ್ದು ನಿಂತು ಇದನ್ನೆಲ್ಲ ಒಂದಕ್ಕೊಂದು ಪೋಣಿಸಿ ಹೇಳಿದೆ. ಒಳ್ಳೆಯ ಕನ್ನಡದಲ್ಲಿ, ಒಂದೂ ‘ಅಂದ್ರೆ’ ಇಲ್ಲದೆ, ಕೆಂಪು ಕಾರ್ಡಿಗೆ ಮುಂಚೆಯೇ ಮುಗಿಸಿದೆ. ಸಭೆ ಮೆಚ್ಚಿತು. ರಿಬ್ಬನ್ ನನಗೇ ಬಂತು. ಹೊರಡುವಾಗ ಅವರು ಹತ್ತಿರ ಬಂದು, “ತುಂಬ ಉಪಯೋಗ ಆಯ್ತು ಸರ್” ಅಂದರು. ಆಮೇಲೆ ಅವರು ಕ್ಲಬ್ಬಿಗೆ ಬರಲಿಲ್ಲ.

ಬರದಿರುವುದಕ್ಕೆ ನೂರು ಕಾರಣವಿರಬಹುದು. ಬೆಂಗಳೂರಿನಲ್ಲಿ ಶನಿವಾರ ಸಂಜೆ ಬಿಡುವು ಮಾಡಿಕೊಳ್ಳುವುದೇ ಕಷ್ಟ. ನಾನು ಕ್ಷಮೆ ಕೇಳಿ ಸಂದೇಶ ಕಳಿಸಿದಾಗಲೂ ಅವರು ಆಫೀಸಿನ ಕೆಲಸ ಜಾಸ್ತಿಯಾಗಿದೆ ಎಂದಷ್ಟೇ ಬರೆದರು, ಮರ್ಯಾದೆಯಿಂದ. ಆದರೆ ಅವರು ಮೊದಲೊಮ್ಮೆ ಮೈಕು ಹಿಡಿದು ನಿಂತುಹೋಗಿದ್ದರು ಎಂಬುದು ನನಗೆ ತಿಳಿದಿತ್ತು. ಅವರೇ ಹೇಳಿದ್ದರು, ಮೂರು ಮಾರು ದೂರದಲ್ಲಿ ಕೂತ ನನಗೆ. ನಮ್ಮ ಕೋಣೆಯಲ್ಲೂ ಅವರ ಮಾತು ನಿಂತದ್ದು ಆ ಜಾಗಕ್ಕೆ ಬಂದಾಗಲೇ. ಈ ಸಲ ಅವರು ಕೂತುಬಿಡಲಿಲ್ಲ. ನಿಂತು, ಮುಂದುವರಿಸಿ, ಮುಗಿಸಿದರು. ಅವರು ಏನನ್ನು ಸಾಧಿಸಲು ಬಂದಿದ್ದರೋ ಅದು ನಮ್ಮೆಲ್ಲರ ಕಣ್ಣೆದುರೇ ಆಗಿತ್ತು. ನಾನದನ್ನು ತಯಾರಿಯ ಕೊರತೆ ಎಂದು ಬರೆದುಕೊಂಡೆ.

ಇದು ಹೊಳೆಯಲು ನನಗೆ ಬಹಳ ದಿನ ಬೇಕಾಯಿತು. ಊರಿಗೆ ಹೋದಾಗ ದೇವಸ್ಥಾನದಲ್ಲಿ ‘ವಾಲಿವಧೆ’ ತಾಳಮದ್ದಲೆಯಿತ್ತು. ಎಷ್ಟೋ ಸಲ ಕೇಳಿದ ಪ್ರಸಂಗ. ಆ ರಾತ್ರಿ ಮಾತ್ರ ಒಂದು ಸಂಗತಿ ಚುಚ್ಚಿತು. ಮರೆಯಲ್ಲಿ ನಿಂತ ರಾಮನ ಬಾಣ ತಾಗಿ ವಾಲಿ ಬೀಳುತ್ತಾನೆ. ಪ್ರಸಂಗದ ಸ್ವಾರಸ್ಯ ಶುರುವಾಗುವುದೇ ಅಲ್ಲಿಂದ. ಬಿದ್ದವನು ಪ್ರಶ್ನೆ ಕೇಳುತ್ತಾನೆ, ಗೆದ್ದವನು ಉತ್ತರ ಹೇಳಬೇಕು. ಸಾಯುತ್ತಿರುವವನಿಗೂ ಅಲ್ಲಿ ತನ್ನ ಮಾತು ಹೇಳಿ ಮುಗಿಸುವ ಅವಕಾಶವಿದೆ. ನಾನು ಮನೆಯಿಂದ ಕ್ಲಬ್ಬಿಗೆ ತಂದದ್ದು ಬಾಣವನ್ನು ಮಾತ್ರ. ತಾಳಮದ್ದಲೆಯ ಖಂಡನೆಗೆ ಒಂದು ಮರ್ಯಾದೆಯಿರುವುದು ಎದುರಿಗೆ ಸರಿಸಮನಾದ ಅರ್ಥಧಾರಿ ಇರುವುದರಿಂದ. ಮುಂದಿನ ಪದಕ್ಕೆ ಸರದಿ ಅವನದು. ಆ ಹೆಣ್ಣುಮಗಳಿಗೆ ಸರದಿ ಇರಲಿಲ್ಲ. ಅವರು ಸುಮ್ಮನೆ ಕೂತು ಕೇಳಬೇಕಿತ್ತು, ಕೇಳಿದರು, ಥ್ಯಾಂಕ್ಸ್ ಹೇಳಿ ಹೋದರು.

ಇನ್ನೊಂದನ್ನೂ ಹೇಳಬೇಕು. ತಾಳಮದ್ದಲೆಯ ದೊಡ್ಡ ಅರ್ಥಧಾರಿಗಳು ಎದುರಿನವನ ಮಾತನ್ನು ಪೂರ್ತಿ ಕೇಳುತ್ತಾರೆ, ಕೇಳದೆ ಅಲ್ಲಿ ಉತ್ತರವೇ ಹುಟ್ಟುವುದಿಲ್ಲ. ನಾನು ಅಷ್ಟನ್ನೂ ಮಾಡಿರಲಿಲ್ಲ. ಟೈಮರ್ ಸಮಯ ನೋಡುತ್ತಿದ್ದರು, ಆ ಕೌಂಟರ್ ಪದ ಎಣಿಸುತ್ತಿದ್ದರು. ಕೇಳುವ ಕೆಲಸ ಇದ್ದದ್ದು ನನಗೊಬ್ಬನಿಗೆ.

ಈಗ ವಿಮರ್ಶೆ ನನ್ನ ಪಾಲಿಗೆ ಬಂದರೆ ಭಾಷಣಕಾರರಿಗೆ ಮೊದಲೇ ಫೋನ್ ಮಾಡಿ, ಈ ಸಲ ಅವರಿಗೆ ಏನು ಬೇಕು ಎಂದು ಕೇಳುತ್ತೇನೆ. ಅವರು ಮಾತಾಡುವಾಗ ಪೆನ್ನು ಮುಟ್ಟುವುದಿಲ್ಲ. ಎದ್ದು ನಿಂತಾಗ ಮೊದಲು ಅವರ ಮಾತಿನಲ್ಲಿ ನನಗೆ ಮುಟ್ಟಿದ್ದು ಏನೆಂದು ಹೇಳುತ್ತೇನೆ, ತಿದ್ದಿಕೊಳ್ಳಲು ಒಂದೇ ಒಂದನ್ನು ಹೇಳುತ್ತೇನೆ. ಚಪ್ಪಾಳೆ ಕಡಿಮೆಯಾಗಿದೆ. ವಿಮರ್ಶೆ ಮೆತ್ತಗಾಯಿತು ಎಂದು ಹಳೆಯ ಸದಸ್ಯರೊಬ್ಬರು ನೇರವಾಗಿಯೇ ಹೇಳಿದರು. ಅವರ ಆತಂಕ ನ್ಯಾಯವಾದದ್ದು. ಬರೀ ಹೊಗಳಿಕೆಯಿಂದ ಯಾರೂ ಕಲಿಯುವುದಿಲ್ಲ, ಹಾಗಾಗದಂತೆ ನಾನೂ ಎಚ್ಚರವಾಗಿರಬೇಕು.

ವಿಮರ್ಶೆಗೆ ಮತ ಹಾಕುವುದನ್ನು ನಿಲ್ಲಿಸೋಣ ಎಂದು ಸಮಿತಿಯಲ್ಲಿ ಪ್ರಸ್ತಾಪ ಇಟ್ಟೆ. ಒಪ್ಪಲಿಲ್ಲ. ವಿಮರ್ಶಕನೂ ಕಲಿಯುತ್ತಿರುವವನೇ, ಅವನಿಗೂ ಉತ್ತೇಜನ ಬೇಕು ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ಆದರೆ ಮತ ಹಾಕುವವರು ಸಭಿಕರಾದಾಗ ವಿಮರ್ಶಕ ಸಭಿಕರಿಗಾಗಿ ಮಾತಾಡುತ್ತಾನೆ, ಭಾಷಣ ಮಾಡಿದವರಿಗಾಗಿ ಅಲ್ಲ. ನಾನು ಹಾಗೆಯೇ ಮಾತಾಡಿದ್ದೆ. ಹೊಸಬರ ಮೊದಲ ಭಾಷಣದ ವಿಮರ್ಶೆಯನ್ನಾದರೂ ಆ ಚೀಟಿಯಿಂದ ತೆಗೆಯಿರಿ ಎಂದು ಈಗಲೂ ಕೇಳುತ್ತಿದ್ದೇನೆ.