ಶಿಖರ ಮುಟ್ಟದ ದಿನ

ಹತ್ತು ಮಂದಿ ‘ಹೌದು’ ಎನ್ನುತ್ತಿರುವಾಗ ಒಬ್ಬರು ‘ಬೇಡ’ ಎನ್ನುವುದು ಸುಲಭವಲ್ಲ. ಆ ಹತ್ತು ಮಂದಿ ನಮ್ಮ ಆಪ್ತರೂ ದಾರಿ ಬಲ್ಲವರೂ ಆಗಿದ್ದರೆ ನಾಲಿಗೆ ಇನ್ನಷ್ಟು ಭಾರವಾಗುತ್ತದೆ. ಈ ಪುಟ್ಟ ಪದದ ಬೆಲೆಯನ್ನು ನಾನು ಅರಿತದ್ದು ಗ್ರಂಥಗಳಿಂದಲ್ಲ, ಆಲ್ಪ್ಸ್ ಪರ್ವತದ ಹಿಮದಲ್ಲಿ.

ಉನ್ನತ ವ್ಯಾಸಂಗಕ್ಕೆಂದು ಸ್ವಿಟ್ಜರ್ಲೆಂಡಿನಲ್ಲಿದ್ದಾಗ, ಕರಾವಳಿಯ ಸೆಖೆಯಲ್ಲಿ ಬೆಳೆದ ನನಗೆ ಅಲ್ಲಿಯ ಗೆಳೆಯರು ಎರಡು ಚಳಿಗಾಲ ತಾಳ್ಮೆಯಿಂದ ಸ್ಕೀ ಕಲಿಸಿದರು. ಮೂರನೆಯ ವರ್ಷದ ಮಾರ್ಚ್ ತಿಂಗಳಲ್ಲಿ ನಾವು ನಾಲ್ವರು ಗ್ರೇಟ್ ಸೇಂಟ್ ಬರ್ನಾರ್ಡ್ ಘಟ್ಟಕ್ಕೆ ಹೊರಟೆವು. ಇಟಲಿಯ ಗಡಿಯಲ್ಲಿ, ಸುಮಾರು 2,470 ಮೀಟರ್ ಎತ್ತರದಲ್ಲಿ, ಸಂತ ಬರ್ನಾರ್ಡರು 11ನೆಯ ಶತಮಾನದಲ್ಲಿ ಸ್ಥಾಪಿಸಿದ ಆಶ್ರಯಧಾಮ ಇಂದಿಗೂ ಪಯಣಿಗರನ್ನು ಬರಮಾಡಿಕೊಳ್ಳುತ್ತದೆ. ಸ್ವತಃ ಪರ್ವತಾರೋಹಿಯಾಗಿದ್ದ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು 1923ರಲ್ಲಿ ಈ ಸಂತರನ್ನು ಪರ್ವತಾರೋಹಿಗಳ ಪಾಲಕರೆಂದು ಘೋಷಿಸಿದರು. ಚಳಿಗಾಲದಲ್ಲಿ ರಸ್ತೆ ಹಿಮದಡಿ ಮುಚ್ಚಿಹೋಗುವುದರಿಂದ ಅಲ್ಲಿಗೆ ಹೋಗುವವರು ಕೊನೆಯ ಸುಮಾರು 6 ಕಿಲೋಮೀಟರನ್ನು ತಮ್ಮ ಕಾಲಬಲದಿಂದಲೇ ಏರಬೇಕು.

ಏರುವ ವಿಧಾನವೇ ಸೋಜಿಗದ್ದು. ಸ್ಕೀಯ ಅಡಿಗೆ ಒಂದೇ ದಿಕ್ಕಿಗೆ ಬಾಗಿದ ಕೂದಲುಗಳ ಪಟ್ಟಿಯನ್ನು ಅಂಟಿಸುತ್ತಾರೆ. ಹಿಂದೆ ಅದು ಸೀಲ್ ಪ್ರಾಣಿಯ ಚರ್ಮವಾಗಿತ್ತು. ಈಗ ಮೇಕೆಯ ಉಣ್ಣೆ ಅಥವಾ ನೈಲಾನ್. ಮುಂದೆ ಜಾರಲು ಬಿಡುವ ಆ ಕೂದಲು ಹಿಂದೆ ಜಾರಲು ಬಿಡದು. ಹಿಮದಡಿ ಸಿಲುಕಿದವರನ್ನು ಸಂಗಡಿಗರು ಹುಡುಕಲೆಂದು ಪ್ರತಿಯೊಬ್ಬರ ಎದೆಯ ಮೇಲೆ ಸಂಕೇತ ಸೂಸುವ ಪುಟ್ಟ ರೇಡಿಯೊ, ಬೆನ್ನಚೀಲದಲ್ಲಿ ಸಲಿಕೆ ಮತ್ತು ಉದ್ದನೆಯ ಶೋಧಕಡ್ಡಿ ಇರಲೇಬೇಕು. ಹೂತುಹೋದವರನ್ನು ಬದುಕಿಸಲು ದೊರೆಯುವುದು ಕೆಲವೇ ನಿಮಿಷ.

ಧಾಮದಲ್ಲಿ ಬಿಸಿ ಚಹಾ ಕುಡಿದು ತಂಗಿದೆವು. ಮರುದಿನದ ಗುರಿ 2,902 ಮೀಟರ್ ಎತ್ತರದ ಮೋಂ ಫುರ್ಶೋಂ ಶಿಖರ. ಹಿಮಕುಸಿತದ ಅಪಾಯವನ್ನು ಅಲ್ಲಿ ಐದು ಹಂತಗಳಲ್ಲಿ ಅಳೆಯುತ್ತಾರೆ. ಅಂದು ಮೂರನೆಯ ಹಂತವಿತ್ತು. ಆಕಾಶ ಮಾತ್ರ ನಿರ್ಮಲ ನೀಲಿ. ಕಡಿದಾದ ಇಳಿಜಾರೊಂದರ ಬುಡ ತಲುಪಿದಾಗ ಕಾಲಡಿಯ ಹಿಮ ‘ವುಂಫ್’ ಎಂದು ಮಂದವಾಗಿ ಕುಸಿದ ಸದ್ದಾಯಿತು. ಒಳಗಿನ ದುರ್ಬಲ ಪದರ ಮುರಿಯುವಾಗ ಬರುವ ಸದ್ದದು. ಆದರೆ ನಮ್ಮ ಕಣ್ಣೆದುರಿಗೇ ಬೇರೊಂದು ತಂಡ ಏರುತ್ತಿತ್ತು; ಶಿಖರ ಒಂದು ಗಂಟೆಯ ದಾರಿ.

ಇಪ್ಪತ್ತು ಬಾರಿ ಆ ದಾರಿ ತುಳಿದಿದ್ದ ನಮ್ಮ ಹಿರಿಯ ಗೆಳೆಯ ತನ್ನ ಅಭಿಪ್ರಾಯ ಹೇಳಲಿಲ್ಲ. ಎಲ್ಲರಿಗಿಂತ ಕಿರಿಯಳಾದ, ಎಲ್ಲರಿಗಿಂತ ಕಡಿಮೆ ಅನುಭವದ ದಾದಿಯೊಬ್ಬಳನ್ನು ಮೊದಲು ಕೇಳಿದ. ಅವಳು ತಲೆ ತಗ್ಗಿಸಿ, “ನನಗೆ ಮನಸ್ಸಿಲ್ಲ” ಎಂದಳು. ಆತ ಕಾರಣ ಕೇಳಲಿಲ್ಲ. “ಸರಿ, ಹಿಂದಿರುಗೋಣ” ಎಂದು ಸ್ಕೀ ತಿರುಗಿಸಿದ. ಆ ತಂಡದ ನಿಯಮವೇ ಅದು: ಒಬ್ಬರ ‘ಬೇಡ’ ಎಲ್ಲರ ‘ಬೇಡ’.

ಹಿಮ ಕುಸಿಯಲಿಲ್ಲ. ಮೇಲೇರಿದ್ದ ತಂಡ ಸುಖವಾಗಿ ಇಳಿದು, ಸಂತೋಷದಿಂದ ಕೈಬೀಸಿ ನಮ್ಮನ್ನು ದಾಟಿಹೋಯಿತು. ಅವಳ ಮುಖ ಬಾಡಿತು. “ನಿಮ್ಮೆಲ್ಲರ ದಿನ ಕೆಡಿಸಿದೆ” ಎಂದಳು. ಹಿರಿಯ ಗೆಳೆಯನ ಉತ್ತರ ಇಂದಿಗೂ ನನ್ನ ಕಿವಿಯಲ್ಲಿದೆ: “ಅವರು ಕ್ಷೇಮವಾಗಿ ಬಂದುದರಿಂದ ಆ ಇಳಿಜಾರು ಕ್ಷೇಮವಾಗಿತ್ತೆಂದು ಅರ್ಥವಲ್ಲ. ಇಂದು ನೀನು ಸುಮ್ಮನಿದ್ದಿದ್ದರೆ ನಾಳೆಯಿಂದ ನಿನ್ನನ್ನು ನಂಬುವುದು ಕಷ್ಟವಾಗುತ್ತಿತ್ತು.”

ಅಮೆರಿಕದ ಇಯಾನ್ ಮೆಕ್‌ಕ್ಯಾಮನ್ ಎಂಬ ಸಂಶೋಧಕರು 1972ರಿಂದ 2003ರವರೆಗಿನ 715 ಹಿಮಕುಸಿತ ಅಪಘಾತಗಳನ್ನು ಪರಿಶೀಲಿಸಿದ್ದಾರೆ. ಅಪಾಯದ ಕುರುಹುಗಳು ಕಣ್ಣೆದುರಿಗಿದ್ದರೂ ಅನೇಕರು ಮುಂದುವರಿದಿದ್ದರು. ಪರಿಚಿತ ಜಾಗವೆಂಬ ಧೈರ್ಯ, ಹಿಡಿದ ಗುರಿಯ ಹಟ, ಬಲ್ಲವರ ಮೇಲಿನ ಅತಿನಂಬಿಕೆ, ಇತರರ ಮೆಚ್ಚುಗೆಯ ಆಸೆ ಅವರನ್ನು ಎಳೆದೊಯ್ದಿದ್ದವು ಎಂಬುದು ಅವರ ವಿಶ್ಲೇಷಣೆ.

ಹಿಮವಿಲ್ಲದ ನಮ್ಮ ನಾಡಿನಲ್ಲೂ ಈ ನಾಲ್ಕು ಎಳೆತಗಳಿಲ್ಲವೇ? ಮನೆಯಲ್ಲಿ ಮಗಳ ಮದುವೆ ಮಾತುಕತೆ ನಡೆಯುವಾಗ, ಸಾಲ ಮಾಡಿ ಮನೆ ಕಟ್ಟಲು ಹೊರಟಾಗ, ಸಮಿತಿಯ ಸಭೆಯಲ್ಲಿ ನಿರ್ಣಯಕ್ಕೆ ಕೈಯೆತ್ತುವಾಗ ನಾವು ಹಿರಿಯರನ್ನೇ ಮೊದಲು ಕೇಳುತ್ತೇವೆ. ಅವರು ನುಡಿದ ಮೇಲೆ ಕಿರಿಯರಿಗೆ ಉಳಿಯುವುದು ತಲೆಯಾಡಿಸುವ ಕೆಲಸ. ಅಂಥ ಒಪ್ಪಿಗೆಯಲ್ಲಿ ಒಗ್ಗಟ್ಟು ಎಷ್ಟು, ಅಂಜಿಕೆ ಎಷ್ಟು ಎಂದು ತಿಳಿಯುವುದಾದರೂ ಹೇಗೆ? ಕೊನೆಯ ಸಾಲಿನಲ್ಲಿ ಕುಳಿತವರನ್ನು ಮೊದಲು ಕೇಳಿ, ಅವರು ‘ಬೇಡ’ ಎಂದರೆ ಮುಖ ಸಿಂಡರಿಸದಿರುವುದು ಹಿರಿಯರಾದ ನಮಗೆ ಸೇರಿದ ಹೊಣೆ.