ಒಂದು ಹಿಡಿ ರಾಗಿಯ ದಸರೆ

ಆಶ್ವಯುಜ ಹತ್ತಿರವಾಗುತ್ತಿದ್ದ ಹಾಗೆ ನನ್ನ ಕಣ್ಣು ಕಸದ ಬುಟ್ಟಿಯ ಮೇಲೆ ಬೀಳತೊಡಗುತ್ತದೆ. ಖಾಲಿ ಬೆಂಕಿಪೊಟ್ಟಣ, ಚಾಕೊಲೇಟಿಗೆ ಸುತ್ತಿದ ಬಂಗಾರದ ಬಣ್ಣದ ಕಾಗದ, ಒಡೆದ ಕನ್ನಡಿ, ಐಸ್‌ಕ್ರೀಂ ಕಡ್ಡಿ, ಚಪ್ಪಲಿ ಬಂದ ರಟ್ಟಿನ ಡಬ್ಬ, ಯಾವುದನ್ನೂ ಆಚೆ ಹಾಕಲು ಬಿಡುವುದಿಲ್ಲ. "ರೀ, ಇದು ಮನೆಯೋ ಗುಜರಿ ಅಂಗಡಿಯೋ?" ಎಂದು ನನ್ನಾಕೆ ಕೇಳುತ್ತಾಳೆ. ಪ್ರತಿ ವರ್ಷವೂ ಕೇಳುತ್ತಾಳೆ, ಮಹಾಲಯ ಅಮಾವಾಸ್ಯೆಯವರೆಗೆ ಸಹಿಸಿಕೊಳ್ಳುತ್ತಾಳೆ. ಪಾಡ್ಯದ ಸಂಜೆಯ ಹೊತ್ತಿಗೆ ಆ ಗುಜರಿಯೇ ನಮ್ಮ ಹಜಾರದಲ್ಲಿ ಮೈಸೂರಾಗಿ ನಿಂತಿರುತ್ತದೆಂದು ಅವಳಿಗೂ ಗೊತ್ತು.

ನನಗೆ ಗೊಂಬೆ ಕೂರಿಸುವ ಹುಚ್ಚು. ಮೀಸೆ ನರೆತ ಗಂಡಸು ನೆಲದ ಮೇಲೆ ಮಂಡಿಯೂರಿ ಮಣ್ಣಿನ ಹಸುವಿಗೆ ಜಾಗ ಹುಡುಕುವುದನ್ನು ಕಂಡು ನಕ್ಕವರುಂಟು. ನಗಲಿ. ನಾನು ಬೆಳೆದ ಮೈಸೂರಿನ ವಠಾರದಲ್ಲಿ ಗೊಂಬೆಯ ಮೆಟ್ಟಿಲು ಹೆಂಗಸರದಾದರೆ, ಮೆಟ್ಟಿಲ ಕೆಳಗೆ ನೆಲದ ಮೇಲೆ ಮಾಡುವ ಪಾರ್ಕು ಗಂಡುಹುಡುಗರದು. ನಾನು ಆ ಖಾತೆಯಿಂದ ಇನ್ನೂ ನಿವೃತ್ತನಾಗಿಲ್ಲ, ಅಷ್ಟೆ.

ನಮ್ಮಪ್ಪ ಜವಳಿ ಅಂಗಡಿಯೊಂದರಲ್ಲಿ ಗುಮಾಸ್ತರು. ದಸರೆ ತಿಂಗಳ ಕೊನೆಗೆ ಬಂದರಂತೂ ಮುಗಿಯಿತು. ಆದರೂ ಅಂದಿನ ಮೈಸೂರಿನಲ್ಲಿ ದುಡ್ಡಿಲ್ಲದವರಿಗೂ ಹಬ್ಬಕ್ಕೆ ಬರವಿರಲಿಲ್ಲ, ಇಂದಿಗೂ ಇಲ್ಲ. ಮಳೆ ಹಿಂದೆ ಸರಿದು ಆಕಾಶ ತೊಳೆದಿಟ್ಟಂತಿರುತ್ತದೆ. ಸಂಜೆ ಏಳಕ್ಕೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತಿಕೊಂಡಾಗ ಬೀದಿಯಲ್ಲಿ ನಿಂತವನ ಬಾಯಿಂದಲೂ "ಹೋ" ಎಂದೇ ಬರುತ್ತದೆ. ಆದರೆ ಅದು ನೋಡುವ ಹಬ್ಬ. ಮಾಡುವ ಹಬ್ಬ ಮನೆಯೊಳಗಿತ್ತು.

ಮೊದಲು ಮೆಟ್ಟಿಲಾಗಬೇಕು. ಮೂರೋ ಐದೋ ಏಳೋ, ಬೆಸವಾಗಿರಬೇಕು. ಈಗ ಕಬ್ಬಿಣದ ಮಡಿಚುವ ಮೆಟ್ಟಿಲು ಸಿಗುತ್ತದಂತೆ. ನಮ್ಮ ಮನೆಯಲ್ಲಿ ಮೇಲಿನದು ಟ್ರಂಕಿನ ಮೇಲೆ ಟ್ರಂಕು, ಮಧ್ಯದ್ದು ಅಕ್ಕಿಯ ಡಬ್ಬಗಳ ಮೇಲಿಟ್ಟ ಹಲಗೆ, ಕೆಳಗಿನದು ಊಟದ ಮಣೆಗಳು. ಎಲ್ಲವನ್ನೂ ಅಪ್ಪನ ಬಿಳಿ ಪಂಚೆ ಮುಚ್ಚಿಬಿಡುತ್ತಿತ್ತು. ಒಂದೇ ತೊಂದರೆಯೆಂದರೆ, ಮುಂದಿನ ಒಂಬತ್ತು ದಿನ ಮನೆಗೆ ಬೇಕಾದದ್ದೆಲ್ಲ ಆ ಟ್ರಂಕಿನೊಳಗೇ ಇರುತ್ತಿತ್ತು. ಒಮ್ಮೆ ರೇಷನ್ ಕಾರ್ಡು ಪಟ್ಟದ ರಾಜರಾಣಿಯರ ಪಾದದಡಿ ಸಿಕ್ಕಿಕೊಂಡು, ವಿಜಯದಶಮಿಯವರೆಗೆ ಪಕ್ಕದ ಮನೆಯವರ ಸಕ್ಕರೆಯಲ್ಲಿ ಕಾಫಿ ಕುಡಿದೆವು.

ಮೇಲಿನ ಮೆಟ್ಟಿಲು ಆ ಪಟ್ಟದ ಗೊಂಬೆಗಳದೇ. ಅಮ್ಮನ ಮದುವೆಯಲ್ಲಿ ತವರಿನಿಂದ ಬಂದ ಮರದ ಜೋಡಿ. ಅರಮನೆಯಲ್ಲಿ ದರ್ಬಾರು ನಡೆಯುವ ಅಷ್ಟೂ ದಿನ ನಮ್ಮ ಟ್ರಂಕಿನ ಮೇಲೂ ದರ್ಬಾರು. ಅವರಿಗೆ ಪ್ರತಿ ವರ್ಷ ಹೊಸ ಉಡುಗೆ: ರವಿಕೆ ಹೊಲಿದು ಮಿಕ್ಕ ಚೂರಿನಲ್ಲಿ ಸೀರೆ, ಹರಿದ ರೇಷ್ಮೆಯ ಜರಿ ಅಂಚಿನಲ್ಲಿ ಪೇಟ. ಕೆಳಗೆ ಚನ್ನಪಟ್ಟಣದ ಬುಗುರಿ, ಬಂಡಿ, ಅಡುಗೆ ಸಾಮಾನು. ಅವೆಲ್ಲ ಹಾಲೆ ಮರ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗು ಒತ್ತಿ ಮಾಡಿದವು. ಸವರಿ ಇಟ್ಟರೆ ನಲವತ್ತು ವರ್ಷದ ಮೇಲೂ ಮಿರುಗುತ್ತವೆ. ಇನ್ನೂ ಕೆಳಗೆ ಶೆಟ್ಟಿ, ಶೆಟ್ಟಮ್ಮ, ಅವರ ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ. ಮನೆಯಲ್ಲಿ ಬೇಳೆ ಮುಗಿದ ದಿನವೂ ಶೆಟ್ಟರ ಅಂಗಡಿಯಲ್ಲಿ ಬೇಳೆ ಇರುತ್ತಿತ್ತು. ಅದನ್ನು ಮುಟ್ಟುವಂತಿರಲಿಲ್ಲ.

ಮೆಟ್ಟಿಲಿನ ಮಾತು ಇಲ್ಲಿಗೆ ಸಾಕು. ಯಾವ ಮನೆಗೆ ಹೋದರೂ ಅದು ಹೆಚ್ಚುಕಡಿಮೆ ಒಂದೇ. ದುಡ್ಡಿದ್ದವರಲ್ಲಿ ಗೊಂಬೆ ದೊಡ್ಡದು, ಇಲ್ಲದವರಲ್ಲಿ ಸಣ್ಣದು. ಮಕ್ಕಳು ಮೇಲಿನ ದೇವರಿಗೆ ಒಂದು ಕೈ ಮುಗಿದು, ಕುಕ್ಕರಗಾಲಿನಲ್ಲಿ ಕೂತು ನೋಡುವುದು ನೆಲವನ್ನು. ಅಲ್ಲೇ ಪಾರ್ಕು.

ಪಾರ್ಕಿನ ಜೀವ ರಾಗಿ. ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆ ಒಂದು ಹಿಡಿ ರಾಗಿಯನ್ನು ರಾತ್ರಿ ನೆನೆಹಾಕಬೇಕು. ಬೆಳಿಗ್ಗೆ ಅಗಲವಾದ ಹಳೆಯ ತಟ್ಟೆಯಲ್ಲಿ ಜರಡಿ ಹಿಡಿದ ಮಣ್ಣು ಹರಡಿ, ಮೇಲೆ ರಾಗಿ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ನೀರು ಚಿಮುಕಿಸಿ ಒದ್ದೆ ಬಟ್ಟೆ ಮುಚ್ಚಬೇಕು. ನೀರು ಸುರಿದರೆ ಕಾಳೆಲ್ಲ ಒಂದು ಮೂಲೆಗೆ ಹೋಗಿ ಸಭೆ ಸೇರುತ್ತವೆ. ಎರಡನೆಯ ದಿನ ಬಿಳಿ ಮೂತಿ, ಮೂರನೆಯ ದಿನ ಸೂಜಿಯಂಥ ಮೊಳಕೆ. ಆಗ ಬಟ್ಟೆ ತೆಗೆದು ಕಿಟಕಿಯ ಬೆಳಕಿಗಿಡಬೇಕು. ಒಂದು ವರ್ಷ ತಟ್ಟೆಯನ್ನು ಮಂಚದಡಿ ಮರೆತು ಹಳದಿ ಹುಲ್ಲಿನ ಪಾರ್ಕು ಮಾಡಿದ್ದೆ. ಬಂದವರೆಲ್ಲ "ಬೇಸಿಗೆಯಾ?" ಎಂದರು. ಬೆಳಕು ಕಂಡ ರಾಗಿ ಪಾಡ್ಯದಂದು ತೆಳುವಾದ ಹಸಿರು ಹಾಸು. ಬೆಳಗಿನ ಹೊತ್ತು ತುದಿಯಲ್ಲೊಂದೊಂದು ನೀರಹನಿ ಹೊತ್ತು ನಿಂತಿರುತ್ತದೆ. ಒಂಬತ್ತನೆಯ ದಿನಕ್ಕೆ ಕತ್ತು ಚಾಚಿ ಬೀಳುವ ಹಾಗೆ ಉದ್ದವಾಗಿ, ಮಣ್ಣಿನ ಹುಲಿಯನ್ನೇ ಮುಚ್ಚಿಹಾಕುತ್ತದೆ. ಅಷ್ಟು ಹೊತ್ತಿಗೆ ಹಬ್ಬವೂ ಮುಗಿದಿರುತ್ತದೆ.

ರಾಗಿಯ ನಡುವೆ ಒಡೆದ ಕನ್ನಡಿಯ ಚೂರಿಟ್ಟು ಅಂಚಿಗೆ ಮರಳು ಸುರಿದರೆ ಕುಕ್ಕರಹಳ್ಳಿ ಕೆರೆ. ಗೋಣಿತಾಟನ್ನು ಕೆಸರಿನಲ್ಲಿ ಅದ್ದಿ, ಬಕೆಟ್ಟಿನ ಮೇಲೆ ಹೊದಿಸಿ ಒಣಗಿಸಿದರೆ ಚಾಮುಂಡಿ ಬೆಟ್ಟ. ಅಲ್ಲಿಯ ಸಾವಿರ ಮೆಟ್ಟಿಲಿಗೆ ಬದಲು ನಮ್ಮಲ್ಲಿ ಐಸ್‌ಕ್ರೀಂ ಕಡ್ಡಿಯ ಮೂವತ್ತು. ದಾರಿಯ ನಡುವೆ ನಂದಿ ಇರಲೇಬೇಕು. ನಮ್ಮ ನಂದಿ ನದಿಯಲ್ಲಿ ಸಿಕ್ಕ ಕರಿಯ ಕಲ್ಲು. ತಲೆ ಯಾವುದು, ಬಾಲ ಯಾವುದು ಎಂಬುದು ನೋಡುವವರ ಭಕ್ತಿಗೆ ಬಿಟ್ಟದ್ದು. ಜಂಬೂಸವಾರಿಯ ಆನೆಯ ಮೇಲೆ ಬೆಂಕಿಪೊಟ್ಟಣಕ್ಕೆ ಬಂಗಾರದ ಕಾಗದ ಸುತ್ತಿದ ಅಂಬಾರಿ. ಅರಮನೆಯದು 750 ಕಿಲೋ ತೂಗುತ್ತದೆ. ನಮ್ಮದು ಯಾರಾದರೂ ಸೀನಿದರೆ ಬೀಳುತ್ತದೆ.

ಆ ಆನೆಯ ಸೊಂಡಿಲಿಗೊಂದು ಕಥೆಯುಂಟು. ಅದು ಮುರಿದಾಗ ಹಳೆಯ ಪೇಪರು ನೆನೆಸಿ, ರುಬ್ಬಿದ ಮೆಂತ್ಯದ ಜೊತೆ ಕಲಸಿ ಹೊಸ ಸೊಂಡಿಲು ತಿದ್ದಿದೆ. ಅಮ್ಮ ಮೊರಕ್ಕೆ ಮೆತ್ತುತ್ತಿದ್ದುದೂ ಅದೇ ಕಲಸು. ಬಣ್ಣ ಬಳಿದು ಬೀಗುತ್ತ ಮಲಗಿದೆ. ಬೆಳಿಗ್ಗೆ ನೋಡಿದರೆ ಸೊಂಡಿಲಿಲ್ಲ, ಸುತ್ತ ಇಲಿಯ ಹಿಕ್ಕೆ. ಗಣಪತಿಯ ವಾಹನ ಗಣಪತಿಯ ಬಂಧುವಿಗೇ ಹೀಗೆ ಮಾಡಬಹುದೇ? ಅಂದಿನಿಂದ ಕಲಸಿಗಾಗಲಿ, ಮೈದಾ ಕಾಯಿಸಿದ ಅಂಟಿಗಾಗಲಿ ಚಿಟಿಕೆ ಮೈಲುತುತ್ತ ಹಾಕುತ್ತೇನೆ, ಮಕ್ಕಳ ಕೈಗೆ ಸಿಗದ ಹಾಗೆ ಇಡುತ್ತೇನೆ.

ವರ್ಷಕ್ಕೆ ಒಂದಾದರೂ ಹೊಸ ಗೊಂಬೆ ತರಬೇಕೆಂಬುದು ಪದ್ಧತಿ. ದಶಾವತಾರದ ಮೇಲೆ ನನಗೆ ಬಹಳ ದಿನದಿಂದ ಕಣ್ಣಿತ್ತು. ಬೆಲೆ ಕೇಳಿದಾಗಲೆಲ್ಲ ಮತ್ಸ್ಯನ ಹಾಗೆ ನುಣುಚಿಕೊಂಡು ಬರುತ್ತಿದ್ದೆ. ಒಂದು ವರ್ಷ ಆಯುಧಪೂಜೆಯ ಹಿಂದಿನ ರಾತ್ರಿ, ಅಂಗಡಿಯವರು ಬಾಗಿಲು ಹಾಕುವ ಹೊತ್ತಿಗೆ, ಮೂಲೆಯಲ್ಲೊಂದು ಸೆಟ್ಟು ಕಂಡಿತು. ಕೊನೆಯ ಗೊಂಬೆ ಒಡೆದುಹೋಗಿ ಒಂಬತ್ತೇ ಉಳಿದಿದ್ದವು. "ಯಾರೂ ತಗೊಳ್ತಿಲ್ಲ ಸ್ವಾಮಿ, ಅರ್ಧ ಬೆಲೆಗೆ ಒಯ್ದುಬಿಡಿ" ಎಂದರು. ಮನೆಗೆ ತಂದು ಸಾಲಾಗಿ ಇಟ್ಟೆ. ಮರುದಿನ ಬಂದ ಎದುರುಮನೆಯ ಅಜ್ಜಿ ಬೆರಳು ಮಡಿಚಿ ಎಣಿಸಿ, "ಕಲ್ಕಿ ಎಲ್ಲಪ್ಪಾ?" ಎಂದರು. "ಇನ್ನೂ ಬರಬೇಕಲ್ಲ ಅಜ್ಜಿ" ಎಂದೆ. ಅವರು ಒಂದು ಗಳಿಗೆ ಯೋಚಿಸಿ, "ಹೌದಲ್ಲ, ನಿನ್ನದೇ ಸರಿಯಾದ ಸೆಟ್ಟು" ಎಂದು ಕೈ ಮುಗಿದರು. ಇಂದಿಗೂ ಆ ಹತ್ತನೆಯ ಜಾಗ ಖಾಲಿಯೇ ಇದೆ. ದುಡ್ಡಿದ್ದರೂ ತುಂಬಿಸಲಾರೆ.

ಸಂಜೆಯಾದರೆ ಮಕ್ಕಳ ದಂಡು. "ಬೊಂಬೆ ಕೂರಿಸಿದೀರೇನ್ರೀ?" ಎಂದು ಬಾಗಿಲಲ್ಲಿ ರಾಗ ಎಳೆಯುವುದು. ಕೂರಿಸಿದ ಮೇಲೆ ಚರುಪು ಕೊಡಲೇಬೇಕು. ಅಮ್ಮನ ಲೆಕ್ಕ ಸರಳ: ಒಂದು ದಿನ ಕಡಲೆಕಾಳು ಉಸಲಿ, ಇನ್ನೊಂದು ದಿನ ಹೆಸರುಕಾಳು, ಮತ್ತೊಂದು ದಿನ ಪುರಿಗೆ ಕಡಲೆ, ಕೊಬ್ಬರಿ, ಸಕ್ಕರೆ. ರವೆಉಂಡೆ ಸರಸ್ವತಿ ಪೂಜೆಯ ದಿನಕ್ಕೆ ಮಾತ್ರ. ನಮ್ಮ ಬೀದಿಗೆ ಈಗ ಬರುವ ಮಕ್ಕಳು ಕಡಿಮೆ. ಬಂದವರು ಮಾತ್ರ ಪಾರ್ಕಿನ ಮುಂದಿನಿಂದ ಏಳುವುದಿಲ್ಲ. ಕಳೆದ ಸಲ ಒಬ್ಬ ಹುಡುಗ ಜೇಬಿನಿಂದ ತನ್ನ ಮುರುಕು ಕಾರು ತೆಗೆದು, ಬೆಟ್ಟದ ಬುಡದಲ್ಲಿ ನಿಲ್ಲಿಸಿ, "ಅಂಕಲ್, ಪಾರ್ಕಿಂಗ್" ಎಂದ. ಅದೂ ಈಗ ನಮ್ಮ ಪೆಟ್ಟಿಗೆಯಲ್ಲಿದೆ.

ವಿಜಯದಶಮಿಯ ರಾತ್ರಿ ಆರತಿ ಮಾಡಿ ಪಟ್ಟದ ಗೊಂಬೆಗಳನ್ನು ಮಲಗಿಸುತ್ತೇವೆ. ಮರುದಿನ ಒಂದೊಂದನ್ನೂ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಒಣಗಿದ ಬೇವಿನ ಸೊಪ್ಪಿನ ಜೊತೆ ಟ್ರಂಕಿಗೆ. ರಾಗಿ ಪೈರು ಬೀದಿಯ ಹಸುವಿಗೆ. ಕೆರೆ ಮತ್ತೆ ಕನ್ನಡಿ ಚೂರು, ಬೆಟ್ಟ ಮತ್ತೆ ಗೋಣಿತಾಟು.

ಅಂಗಡಿಯಲ್ಲಿ ಕೊಂಡ ಗೊಂಬೆ ಹೇಗಿರಬೇಕೆಂಬುದನ್ನು ಮಾಡಿದವರು ಮೊದಲೇ ನಿರ್ಧರಿಸಿರುತ್ತಾರೆ. ಕಲ್ಲು ನಂದಿಯಾಗಬೇಕೋ ಬೇಡವೋ ಎಂಬುದನ್ನು ನೀವೇ ನಿರ್ಧರಿಸಬೇಕು. ದಸರೆಗೆ ದುಡ್ಡಿಲ್ಲವೆಂದು ಕೈಕಟ್ಟಿ ಕೂರಬೇಡಿ. ಈ ಸಲ ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆ ಒಂದು ಹಿಡಿ ರಾಗಿ ನೆನೆಹಾಕಿ. ನೀರು ಚಿಮುಕಿಸಿ, ಸುರಿಯಬೇಡಿ.